ದಣಿದ ಹೃದಯ

ರಾತ್ರಿ ಎಷ್ಟು ದಿಂಬುಗಳನ್ನಿಟ್ಟುಕೊಂಡು ಮಲಗುತ್ತೀರಿ ಎಂದು ವೈದ್ಯರು ತಮ್ಮ ಮುಂದೆ ಕುಳಿತ ರೋಗಿಯನ್ನು ಕೇಳಿದಾಗ, ಎದೆಯ ಬಾಧೆಗೂ ತಲೆದಿಂಬಿಗೂ ಏನು ಸಂಬಂಧವೆಂದು ಜೊತೆಯಲ್ಲಿ ಬಂದವರಿಗೆ ಅಚ್ಚರಿಯಾಗಬಹುದು. ಆದರೆ ಹೃದಯದ ಬಲವು ಎಷ್ಟರ ಮಟ್ಟಿಗೆ ಕುಂದಿದೆಯೆಂಬುದನ್ನು ಯಂತ್ರಗಳ ನೆರವಿಲ್ಲದೆ ಅಳೆಯುವುದಕ್ಕೆ ಅಷ್ಟು ನೇರವಾದ ಪ್ರಶ್ನೆಗಳು ಹೆಚ್ಚಿಲ್ಲ. ಬಲಗುಂದಿದ ಹೃದಯವುಳ್ಳವನು ಚಪ್ಪಟೆಯಾಗಿ ಮಲಗಲಾರ. ಮಲಗಿದೊಡನೆ, ಹಗಲೆಲ್ಲ ಕಾಲುಗಳಲ್ಲಿಯೂ ಉದರದಲ್ಲಿಯೂ ತಂಗಿದ್ದ ರಕ್ತವು ಎದೆಯ ಕಡೆಗೆ ಮರಳಿ ಬಂದು, ತನ್ನನ್ನು ಮುಂದಕ್ಕೆ ಸಾಗಿಸಲು ಅಸಮರ್ಥವಾದ ಎಡ ಹೃತ್ಕುಕ್ಷಿಯ ಹಿಂದೆ, ಶ್ವಾಸಕೋಶಗಳ ಸೂಕ್ಷ್ಮನಾಳಗಳಲ್ಲಿ ಮಡುಗಟ್ಟುತ್ತದೆ. ಆ ನಾಳಗಳಿಂದ ನೀರಿನಂಶವು ಒಸರತೊಡಗುತ್ತದೆ. ನಡುರಾತ್ರಿಯಲ್ಲಿ ಉಸಿರು ಕಟ್ಟಿ ಎದ್ದು ಕುಳಿತು, ಕಿಟಕಿಯನ್ನು ತೆರೆದು ಗಾಳಿಗಾಗಿ ಹಂಬಲಿಸುವ ರೋಗಿಯು, ದಿನ ಕಳೆದಂತೆ ಒಂದು ದಿಂಬಿನಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಏರಿ, ಕಡೆಗೆ ಕುರ್ಚಿಯಲ್ಲಿ ಒರಗಿಯೇ ಬೆಳಗು ಮಾಡುವ ಸ್ಥಿತಿಗೆ ಬರುತ್ತಾನೆ. ಸಂಜೆಯ ಹೊತ್ತಿಗೆ ಪಾದಗಳು ಊದಿಕೊಂಡು, ಬೆರಳಿನಿಂದ ಒತ್ತಿದೆಡೆಯಲ್ಲಿ ಗುಳಿ ಬಿದ್ದು ಹಾಗೆಯೇ ನಿಲ್ಲುವುದೂ, ಹತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುವುದೂ, ತಿಂದ ಎರಡು ತುತ್ತಿಗೇ ಹೊಟ್ಟೆ ಬಿಗಿದಂತಾಗುವುದೂ ಇದೇ ವ್ಯಾಧಿಯ ಲಕ್ಷಣಗಳು.

ಇದಕ್ಕೆ ಹೃದಯ ವೈಫಲ್ಯವೆಂದು ಹೆಸರು. ಹೃದಯದ ಸ್ನಾಯುವಿಗೆ ರಕ್ತವನ್ನೊದಗಿಸುವ ನಾಳವೊಂದು ಥಟ್ಟನೆ ಮುಚ್ಚಿಹೋಗಿ ಆ ಭಾಗದ ಮಾಂಸ ಸಾಯುವ ಹೃದಯಾಘಾತವೇ ಬೇರೆ. ವೈಫಲ್ಯವು ಅದರ ಪರಿಣಾಮಗಳಲ್ಲೊಂದು. ಅನೇಕ ವರ್ಷ ಹತೋಟಿಯಿಲ್ಲದೆ ಉಳಿದ ರಕ್ತದೊತ್ತಡ, ಬಾಲ್ಯದಲ್ಲಿ ಬಂದುಹೋದ ಕೀಲುವಾತದ ಜ್ವರವು ಕೆಡಿಸಿದ ಕವಾಟ, ಮದ್ಯ, ವೈರಸ್ಸುಗಳ ಸೋಂಕು, ಅನುವಂಶಿಕ ದೋಷ ಮೊದಲಾದ ನಾನಾ ದಾರಿಗಳಿಂದ ಹೊರಟವರೆಲ್ಲರೂ ಕೊನೆಗೆ ಬಂದು ಸೇರುವುದು ಈ ಒಂದೇ ಅವಸ್ಥೆಗೆ. ಆ ಕಾರಣಗಳು ಎಷ್ಟೇ ಭಿನ್ನವಾಗಿದ್ದರೂ, ಒಮ್ಮೆ ಆರಂಭವಾದ ಮೇಲೆ ವ್ಯಾಧಿಯು ತನ್ನಷ್ಟಕ್ಕೆ ತಾನೇ ಬಲಿಯುತ್ತ ಹೋಗುವುದೇಕೆ? ಮೊದಲ ಪೆಟ್ಟು ಎಂದೋ ಬಿದ್ದು ಮುಗಿದಿದ್ದರೂ ಹೃದಯವು ವರ್ಷವರ್ಷಕ್ಕೂ ಹಿಗ್ಗಿ ತೆಳುವಾಗುತ್ತ ಸಾಗುವುದೇಕೆ? ಈ ಅಧ್ಯಾಯದ ವಸ್ತು ಈ ಪ್ರಶ್ನೆ. ಇದಕ್ಕೆ ದೊರೆತ ಉತ್ತರವು ವೈದ್ಯಶಾಸ್ತ್ರವು ಎರಡು ಶತಮಾನಗಳ ಕಾಲ ನಂಬಿಕೊಂಡು ಬಂದಿದ್ದ ನೀತಿಯನ್ನೇ ತಲೆಕೆಳಗು ಮಾಡಿತು.

ಆರೋಗ್ಯವಂತನಾದ ವಯಸ್ಕನ ಹೃದಯದ ತೂಕ ಸುಮಾರು 300 ಗ್ರಾಂ. ವಿಶ್ರಾಂತಿಯಲ್ಲಿರುವಾಗ ಅದು ನಿಮಿಷಕ್ಕೆ 70 ಬಾರಿಯಂತೆ ಬಡಿದು, ಬಡಿತವೊಂದಕ್ಕೆ ಸುಮಾರು 70 ಮಿಲಿಲೀಟರಿನಂತೆ, ನಿಮಿಷಕ್ಕೆ ಐದು ಲೀಟರು ರಕ್ತವನ್ನು ಮಹಾಪಧಮನಿಗೆ ನೂಕುತ್ತದೆ. ಓಡುವಾಗ ಈ ಮೊತ್ತವು ನಾಲ್ಕೈದು ಪಟ್ಟಾಗಬಲ್ಲುದು. ಇಷ್ಟಾದರೂ ಎಡ ಹೃತ್ಕುಕ್ಷಿಯು ಒಂದು ಸಂಕೋಚದಲ್ಲಿ ಪೂರ್ತಿ ಬರಿದಾಗುವುದಿಲ್ಲ. ತುಂಬಿಕೊಂಡ ರಕ್ತದಲ್ಲಿ ನೂರಕ್ಕೆ ಐವತ್ತೈದರಿಂದ ಅರವತ್ತೈದರಷ್ಟನ್ನು ಹೊರದೂಡಿ ಉಳಿದುದನ್ನು ತನ್ನಲ್ಲಿಯೇ ಇರಿಸಿಕೊಳ್ಳುತ್ತದೆ. ಈ ಪ್ರಮಾಣವನ್ನೇ ಇಂದಿನ ವೈದ್ಯರು ಎಜೆಕ್ಷನ್ ಫ್ರಾಕ್ಷನ್ ಎಂದು ಕರೆದು, ಎಕೋ ಪರೀಕ್ಷೆಯ ವರದಿಯಲ್ಲಿ ಮೊದಲು ಹುಡುಕುತ್ತಾರೆ. ಅದು ನಲವತ್ತಕ್ಕೂ ಮೂವತ್ತಕ್ಕೂ ಇಳಿದಿದೆಯೆಂದರೆ ಹೃದಯಸ್ನಾಯುವಿನ ಸಂಕೋಚಶಕ್ತಿ ಸೋತಿದೆಯೆಂದು ಅರ್ಥ.

ರೋಗದ ಕಾರಣವನ್ನು ಅರಿಯುವ ಎಷ್ಟೋ ಮೊದಲೇ ಅದಕ್ಕೊಂದು ಔಷಧ ದೊರೆತಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವೈದ್ಯನಾಗಿದ್ದ ವಿಲಿಯಂ ವಿದರಿಂಗ್ ಎಂಬಾತನಿಗೆ, 1775ರಲ್ಲಿ, ಶ್ರಾಪ್‌ಶೈರಿನ ಮುದುಕಿಯೊಬ್ಬಳು ಮೈಯೂತಕ್ಕೆ ಗುಟ್ಟಾಗಿ ಕೊಡುತ್ತಿದ್ದ ಕಷಾಯದ ವಿಚಾರ ತಿಳಿಯಿತು. ಇಪ್ಪತ್ತಕ್ಕೂ ಹೆಚ್ಚಿನ ಸೊಪ್ಪುಗಳಿದ್ದ ಆ ಮಿಶ್ರಣದಲ್ಲಿ ಗುಣವಿರುವುದು ಫಾಕ್ಸ್‌ಗ್ಲವ್ ಎಂಬ ಹೂಗಿಡದ ಎಲೆಯಲ್ಲಿಯೇ ಎಂದು ಆತನು ಗುರುತಿಸಿ, ಹತ್ತು ವರ್ಷ ರೋಗಿಗಳಿಗೆ ಕೊಟ್ಟು ನೋಡಿ, ಫಲಿಸಿದುದನ್ನೂ ಫಲಿಸದುದನ್ನೂ ಸಮಾನವಾದ ಶ್ರದ್ಧೆಯಿಂದ ಬರೆದಿಟ್ಟು, 1785ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ತನ್ನ ಸೋಲುಗಳನ್ನು ಮರೆಮಾಡದೆ ಮುದ್ರಿಸಿದ ಆ ಪ್ರಾಮಾಣಿಕತೆಗಾಗಿಯೇ ವಿದರಿಂಗನ ಹೆಸರು ಗೌರವದಿಂದ ಸ್ಮರಿಸತಕ್ಕುದು. ಡಿಜಿಟ್ಯಾಲಿಸ್ ಎಂಬ ಆ ಔಷಧವು ಹೃದಯದ ಸಂಕೋಚವನ್ನು ಬಲಪಡಿಸುತ್ತದೆಂಬ ಅರಿವು ಮುಂದಿನ ಪೀಳಿಗೆಗಳಲ್ಲಿ ಬೇರೂರಿತು. ಅದರೊಡನೆಯೇ ಇನ್ನೊಂದು ನಂಬಿಕೆಯೂ ಬೇರೂರಿತು. ದುರ್ಬಲವಾದ ಹೃದಯವನ್ನು ಹೇಗಾದರೂ ಮಾಡಿ ಇನ್ನಷ್ಟು ದುಡಿಸುವುದೇ ಚಿಕಿತ್ಸೆ ಎಂಬುದೇ ಆ ನಂಬಿಕೆ.

ಈ ನಂಬಿಕೆಗೆ ಶರೀರಶಾಸ್ತ್ರದ ಆಧಾರವೂ ದೊರೆತಂತೆ ತೋರಿತು. ಮ್ಯೂನಿಕ್ಕಿನಲ್ಲಿ ಆಟ್ಟೋ ಫ್ರಾಂಕ್ ಎಂಬ ವಿಜ್ಞಾನಿಯು ಕಪ್ಪೆಯ ಹೃದಯವನ್ನು ಪರೀಕ್ಷಿಸಿ 1895ರಲ್ಲಿ ಕಂಡದ್ದನ್ನು, ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗನು ತನ್ನ ಸಹೋದ್ಯೋಗಿಗಳೊಡನೆ, ನರಗಳ ಹಿಡಿತದಿಂದ ಬಿಡಿಸಿದ ನಾಯಿಯ ಹೃದಯವನ್ನೂ ಶ್ವಾಸಕೋಶವನ್ನೂ ಜೀವಂತವಾಗಿರಿಸಿಕೊಂಡು ನಡೆಸಿದ ಪ್ರಯೋಗಗಳಿಂದ ವಿಸ್ತರಿಸಿದನು. ಹೃದಯಕ್ಕೆ ಒಳಬರುವ ರಕ್ತವನ್ನು ಹೆಚ್ಚಿಸಿದರೆ ಅದು ಹೆಚ್ಚು ಹಿಗ್ಗುತ್ತದೆ. ಹೆಚ್ಚು ಹಿಗ್ಗಿದ ಸ್ನಾಯುವು ಹೆಚ್ಚು ಬಲದಿಂದ ಸಂಕೋಚಗೊಂಡು, ಬಂದುದೆಲ್ಲವನ್ನೂ ಹೊರಗೆ ಕಳುಹಿಸುತ್ತದೆ. ಯಾರ ಆಜ್ಞೆಯೂ ಇಲ್ಲದೆ, ನರದ ಸೂಚನೆಯೂ ಇಲ್ಲದೆ, ಸ್ನಾಯುತಂತುವಿನ ಉದ್ದವೊಂದರಿಂದಲೇ ನಡೆಯುವ ಈ ಹೊಂದಾಣಿಕೆಯನ್ನು ಸ್ಟಾರ್ಲಿಂಗನು 1915ರಲ್ಲಿ ಕೇಂಬ್ರಿಜ್ಜಿನಲ್ಲಿ ನೀಡಿ 1918ರಲ್ಲಿ ಪ್ರಕಟಿಸಿದ ಉಪನ್ಯಾಸದಲ್ಲಿ ಹೃದಯದ ನಿಯಮವೆಂದು ಸಾರಿದನು. ಆದರೆ ಆ ನಿಯಮಕ್ಕೂ ಒಂದು ಮೇರೆಯುಂಟು. ಬಲಗುಂದಿದ ಹೃದಯದಲ್ಲಿ ಎಷ್ಟೇ ಹಿಗ್ಗಿದರೂ ಸಂಕೋಚವು ಅದಕ್ಕೆ ತಕ್ಕಂತೆ ಏರುವುದಿಲ್ಲ, ಒಳಗಿನ ಒತ್ತಡ ಮಾತ್ರ ಏರಿ ಹಿಂದಿನ ನಾಳಗಳನ್ನು ತುಂಬುತ್ತದೆ.

ಸ್ಟಾರ್ಲಿಂಗನ ವಿಷಯದಲ್ಲಿ ಇನ್ನೂ ಒಂದು ಮಾತು ಹೇಳಬೇಕು. ಲೋಮನಾಳಗಳ ಗೋಡೆಯಲ್ಲಿ ನೀರು ಹೊರಗೆ ಸೋರುವುದೂ ಒಳಗೆ ಮರಳುವುದೂ ಯಾವ ಎರಡು ಒತ್ತಡಗಳ ತೂಕದಿಂದ ನಿರ್ಧಾರವಾಗುತ್ತದೆಂಬುದನ್ನು 1896ರಲ್ಲಿ ವಿವರಿಸಿದವನು ಆತನೇ. ಒಂದು ಅಂಗವು ರಕ್ತದೊಳಕ್ಕೆ ಬಿಟ್ಟ ದ್ರವ್ಯವು ದೂರದ ಮತ್ತೊಂದು ಅಂಗವನ್ನು ಪ್ರಚೋದಿಸಬಲ್ಲುದೆಂದು 1902ರಲ್ಲಿ ಬೇಲಿಸ್ ಎಂಬ ಗೆಳೆಯನೊಡನೆ ತೋರಿಸಿದವನೂ ಆತನೇ. ಹೃದಯ ವೈಫಲ್ಯವನ್ನು ಅರಿಯಲು ಬೇಕಾದ ಮೂರು ಸೂತ್ರಗಳು, ಅಂದರೆ ಸ್ನಾಯುವಿನ ಬಲ, ಊತದ ಕಾರಣ, ರಕ್ತದಲ್ಲಿ ಸಂಚರಿಸುವ ಸಂದೇಶ, ಈ ಮೂರೂ ಒಬ್ಬನ ಕೈಯಲ್ಲಿಯೇ ಇದ್ದುವು. ಮೂರನ್ನೂ ಒಂದೆಡೆ ಹೆಣೆದು ನೋಡಲು ಮಾತ್ರ ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಈ ನಡುವೆ ಮೂತ್ರವನ್ನು ಹೆಚ್ಚಿಸುವ ಔಷಧಗಳು ಬಂದುವು. ಮೊದಲನೆಯ ಮಹಾಯುದ್ಧದ ತರುವಾಯ ವಿಯೆನ್ನಾದಲ್ಲಿ ಉಪದಂಶ ರೋಗಕ್ಕೆಂದು ಕೊಟ್ಟ ಪಾದರಸದ ಔಷಧವೊಂದು ಧಾರಾಳವಾಗಿ ಮೂತ್ರ ಹೋಗುವಂತೆ ಮಾಡಿದುದನ್ನು ಆಲ್ಫ್ರೆಡ್ ಫೋಗಲ್ ಎಂಬ ವೈದ್ಯವಿದ್ಯಾರ್ಥಿಯು ಗಮನಿಸಿದುದರಿಂದ ಆರಂಭವಾದ ಈ ಸಾಲು, 1950ರ ದಶಕದ ಕೊನೆಗೆ ಬಂದ ಕ್ಲೋರೋಥಯಾಜೈಡ್, ಅದರ ಬೆನ್ನಿಗೇ ಬಂದ ಫ್ಯುರೊಸೆಮೈಡ್ ಎಂಬ ಗುಳಿಗೆಗಳವರೆಗೆ ಬೆಳೆಯಿತು. ಇವು ಊತವನ್ನಿಳಿಸಿ ಉಸಿರಾಟವನ್ನು ಸರಾಗಗೊಳಿಸಿದುವು. ರಾತ್ರಿ ನಿದ್ರೆಯನ್ನು ಮರಳಿ ಕೊಟ್ಟುವು. ಇದು ಕಡಮೆಯ ಉಪಕಾರವಲ್ಲ. ಆದರೂ ಹೃದಯದ ಕುಸಿತ ನಿಲ್ಲಲಿಲ್ಲ.

ಅದು ನಿಲ್ಲದಿದ್ದುದರ ಕಾರಣವು ಹೃದಯದಲ್ಲಿಯೇ ಇರದೆ, ಅದನ್ನು ಉಳಿಸಲು ಹೊರಟ ಶರೀರದಲ್ಲಿದ್ದಿತು. ಹೃದಯದಿಂದ ಹೊರಡುವ ರಕ್ತ ಕಡಮೆಯಾದೊಡನೆ, ಕತ್ತಿನ ಹಾಗೂ ಎದೆಯ ದೊಡ್ಡ ಅಪಧಮನಿಗಳ ಗೋಡೆಯಲ್ಲಿರುವ ಒತ್ತಡಸಂವೇದಿ ನರಾಗ್ರಗಳು ಆ ಕೊರತೆಯನ್ನು ಅರಿತು ಮೆದುಳಿಗೆ ತಿಳಿಸುತ್ತವೆ. ಮೆದುಳು ಅನುವೇದನಾ ನರವ್ಯೂಹವನ್ನು ಎಚ್ಚರಗೊಳಿಸುತ್ತದೆ. ನಾರ್‌ಅಡ್ರಿನಲಿನ್ ಎಂಬ ದ್ರವ್ಯ ಸುರಿದು ಹೃದಯವು ವೇಗವಾಗಿಯೂ ಬಿರುಸಾಗಿಯೂ ಬಡಿಯತೊಡಗುತ್ತದೆ, ಚರ್ಮದ ಮತ್ತು ಕರುಳಿನ ಸಣ್ಣ ನಾಳಗಳು ಬಿಗಿದುಕೊಳ್ಳುತ್ತವೆ. ಅತ್ತ ಮೂತ್ರಪಿಂಡಗಳು ತಮಗೆ ಬರುವ ರಕ್ತ ಕಡಮೆಯಾಯಿತೆಂದು ರೆನಿನ್ ಎಂಬ ದ್ರವ್ಯವನ್ನು ಬಿಡುತ್ತವೆ. ಅದರಿಂದ ಮೆಟ್ಟಿಲು ಮೆಟ್ಟಿಲಾಗಿ ಆಂಜಿಯೊಟೆನ್ಸಿನ್ ಹುಟ್ಟಿ ನಾಳಗಳನ್ನು ಮತ್ತಷ್ಟು ಬಿಗಿದು, ಆಲ್ಡೊಸ್ಟಿರೋನ್ ಎಂಬ ಹಾರ್ಮೋನನ್ನು ಹೊರಡಿಸಿ, ಉಪ್ಪನ್ನೂ ನೀರನ್ನೂ ಹೊರಗೆ ಹೋಗಗೊಡದೆ ಶರೀರದಲ್ಲಿಯೇ ತಡೆದಿಡುತ್ತದೆ. ಗಾಯಗೊಂಡು ರಕ್ತ ಸೋರಿ ಬಿದ್ದ ಪ್ರಾಣಿಗೆ ಇದಕ್ಕಿಂತ ಯುಕ್ತವಾದ ರಕ್ಷಣೆ ಇರಲಾರದು. ಲಕ್ಷಾಂತರ ವರ್ಷಗಳ ಜೀವವಿಕಾಸದಲ್ಲಿ ನಮ್ಮ ಪೂರ್ವಜರನ್ನು ಕಾಡಿದ ಅಪಾಯವೂ ಅದೇ. ಮುದಿತನದಲ್ಲಿ ನಿಧಾನವಾಗಿ ಸೋಲುವ ಹೃದಯವು ಅವರಲ್ಲಿ ಬಹುಮಂದಿಗೆ ಬರುವ ಅವಕಾಶವೇ ಇರಲಿಲ್ಲ. ಲಂಡನ್ನಿನ ಹೃದಯತಜ್ಞ ಪೀಟರ್ ಹ್ಯಾರಿಸ್ 1983ರಲ್ಲಿ ಇದನ್ನು ಬಹು ಸ್ಪಷ್ಟವಾಗಿ ವಿವರಿಸಿದನು: ಹೃದಯ ವೈಫಲ್ಯದಲ್ಲಿ ರಕ್ತಕ್ಕೆ ಯಾವ ಕೊರತೆಯೂ ಇಲ್ಲದಿದ್ದರೂ, ಶರೀರವು ರಕ್ತಸ್ರಾವಕ್ಕೆ ತಕ್ಕ ಏರ್ಪಾಟನ್ನೇ ಮಾಡುತ್ತದೆ, ಗಂಟೆಗಳ ಕಾಲಕ್ಕೆಂದು ರಚಿತವಾದ ಆ ಏರ್ಪಾಟು ವರ್ಷಗಟ್ಟಲೆ ಮುಂದುವರಿಯುತ್ತದೆ.

ಏರುದಾರಿಯಲ್ಲಿ ಬಳಲಿ ಕುಸಿಯುತ್ತಿರುವ ಎತ್ತಿಗೆ ಚಾಟಿಯೇಟು ಹಾಕಿದರೆ ಅದು ನಾಲ್ಕು ಹೆಜ್ಜೆ ಮುಂದೆ ನಡೆಯುವುದು ನಿಜ. ಆದರೆ ಪ್ರತಿದಿನವೂ ಹಾಗೆ ಹೊಡೆದು ನಡೆಸಿದ ಎತ್ತು ಎಷ್ಟು ಕಾಲ ಬಾಳೀತೆಂಬುದು ಒಕ್ಕಲಿನವರಾರಿಗೂ ತಿಳಿಯದ ವಿಷಯವಲ್ಲ. ಹೃದಯದ ಮಟ್ಟಿಗೆ ವಿದ್ವಾಂಸರು ಇದನ್ನೊಪ್ಪಲು ಹಿಂಜರಿದುದಕ್ಕೆ ಬಲವಾದ ಕಾರಣವೂ ಇದ್ದಿತು. ಅಮೆರಿಕದ ಬೆಥೆಸ್ಡಾದಲ್ಲಿ ಯೂಜೀನ್ ಬ್ರೌನ್‌ವಾಲ್ಡ್ ಮತ್ತು ಆತನ ಸಂಗಡಿಗರು 1960ರ ದಶಕದ ಆದಿಯಲ್ಲಿ, ಹೃದಯ ವೈಫಲ್ಯದ ರೋಗಿಗಳು ಶ್ರಮಪಟ್ಟಾಗ ರಕ್ತದಲ್ಲಿ ನಾರ್‌ಅಡ್ರಿನಲಿನ್ ಅತಿಯಾಗಿ ಏರುತ್ತದೆಂದೂ, ಹೃದಯದ ಸ್ನಾಯುವಿನೊಳಗಿನ ಅದರ ದಾಸ್ತಾನು ಮಾತ್ರ ಬರಿದಾಗಿರುತ್ತದೆಂದೂ ತೋರಿಸಿದ್ದರು. ಅನುವೇದನಾ ನರಗಳ ಕ್ರಿಯೆಯನ್ನು ಔಷಧದಿಂದ ತಡೆದರೆ ಅಂತಹ ರೋಗಿಗಳ ಸ್ಥಿತಿ ಹದಗೆಡುತ್ತದೆಂಬುದನ್ನೂ 1963ರಲ್ಲಿ ಪ್ರಕಟಿಸಿದ್ದರು. ಅವರು ಕಂಡದ್ದು ಸತ್ಯವೇ. ಕುಸಿಯುತ್ತಿರುವ ಹೃದಯಕ್ಕೆ ಆ ನರಗಳೇ ಆಧಾರ, ಆಧಾರವನ್ನು ಕೀಳಬಾರದು ಎಂಬ ನಿರ್ಣಯಕ್ಕೆ ಯಾರಾದರೂ ಬರುತ್ತಿದ್ದರು. ಅದೇ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿಯು ಅಡ್ರಿನಲಿನ್ನಿನ ಪ್ರಚೋದನೆಯು ಹೃದಯವನ್ನು ಮುಟ್ಟದಂತೆ ತಡೆಯುವ ಪ್ರೊಪ್ರನೊಲಾಲ್ ಮೊದಲಾದ ಬೀಟಾ ಬ್ಲಾಕರ್ ಔಷಧಗಳನ್ನು ಸೃಷ್ಟಿಸಿದಾಗ, ಎದೆನೋವಿಗೂ ರಕ್ತದೊತ್ತಡಕ್ಕೂ ಅವು ವರದಾನವಾದುವು. ಹೃದಯ ವೈಫಲ್ಯವುಳ್ಳವರಿಗೆ ಇವನ್ನು ಕೊಡಕೂಡದೆಂದು ಪಠ್ಯಪುಸ್ತಕಗಳು ವಿಧಿಸಿದುವು.

ಸ್ವೀಡನ್ನಿನ ಯೋಟೆಬೊರಿ ನಗರದಲ್ಲಿ ಫಿನ್ ವಾಗ್‌ಸ್ಟೀನ್, ಓಕೆ ಯಾಲ್ಮಾರ್ಸನ್ ಮತ್ತು ಅವರ ಜೊತೆಗಾರರು ಈ ವಿಧಿಯನ್ನು ಮೀರಿದರು. ಹೃದಯವು ಹಿಗ್ಗಿ ಸೋತಿದ್ದ, ವಿಶ್ರಾಂತಿಯಲ್ಲಿಯೂ ಬಡಿತ ತೀವ್ರವಾಗಿದ್ದ, ಡಿಜಿಟ್ಯಾಲಿಸ್ ಮತ್ತು ಮೂತ್ರವರ್ಧಕಗಳು ಸಾಕಷ್ಟು ನೆರವಾಗದಿದ್ದ ಏಳು ಮಂದಿ ರೋಗಿಗಳಿಗೆ ಅವರು ಬೀಟಾ ಬ್ಲಾಕರನ್ನು ಎರಡು ತಿಂಗಳಿಂದ ಹನ್ನೆರಡು ತಿಂಗಳವರೆಗೆ ಕೊಟ್ಟರು. ರೋಗಿಗಳು ಕುಸಿಯಲಿಲ್ಲ, ದೈಹಿಕ ಶಕ್ತಿ ಹೆಚ್ಚಿತು, ಉಬ್ಬಿದ್ದ ಹೃದಯದ ಗಾತ್ರ ಕುಗ್ಗಿತು. 1975ರಲ್ಲಿ ಬ್ರಿಟನ್ನಿನ ಹೃದಯವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಈ ವರದಿಯನ್ನು ಓದಿದವರಲ್ಲಿ ಹೆಚ್ಚಿನವರು ನಂಬಲಿಲ್ಲ. ಏಳು ಮಂದಿ ಅತ್ಯಲ್ಪ ಸಂಖ್ಯೆ. ಹೋಲಿಕೆಗೆ ಔಷಧವಿಲ್ಲದ ಗುಂಪು ಇರಲಿಲ್ಲ. ಸಿದ್ಧಾಂತವಂತೂ ಪೂರ್ತಿ ವಿರುದ್ಧವಾಗಿದ್ದಿತು. ಈ ಅಪನಂಬಿಕೆಯನ್ನು ಮೌಢ್ಯವೆಂದು ನಾನು ಕರೆಯಲಾರೆ. ಹೊಸ ಮಾತೊಂದು ಕೇಳಿಬಂದಾಗ ಹೆಚ್ಚಿನ ಪ್ರಮಾಣವನ್ನು ಬೇಡುವುದು ವಿಜ್ಞಾನದ ಆರೋಗ್ಯಕ್ಕೆ ಅವಶ್ಯಕ. ನೋವಿನ ಸಂಗತಿಯೆಂದರೆ, ಬೇಡಿದ ಪ್ರಮಾಣವನ್ನು ಒದಗಿಸಬಲ್ಲ ದೊಡ್ಡ ಪರೀಕ್ಷೆಗಳನ್ನು ನಡೆಸಲು ಬಹುಕಾಲ ಯಾರೂ ಮುಂದೆ ಬಾರದೆ ಹೋದುದು.

ಯೋಟೆಬೊರಿಯವರು ಬಿಡಲಿಲ್ಲ. ಅವರಲ್ಲೊಬ್ಬನಾದ ಕಾರ್ಲ್ ಸ್ವೆಡ್‌ಬೆರಿ 1979ರಲ್ಲಿ, ಬೀಟಾ ಬ್ಲಾಕರ್ ಪಡೆದ ರೋಗಿಗಳು ಹಿಂದಿನ ಅಂತಹುದೇ ರೋಗಿಗಳಿಗಿಂತ ಹೆಚ್ಚು ಕಾಲ ಬದುಕಿದರೆಂದು ವರದಿ ಮಾಡಿದನು. ಮರುವರ್ಷ ಇನ್ನೂ ಅರ್ಥಪೂರ್ಣವಾದ ಒಂದು ಪ್ರೇಕ್ಷಣೆಯನ್ನು ಮುಂದಿಟ್ಟನು. ಚೇತರಿಸಿಕೊಂಡಿದ್ದ ರೋಗಿಗಳಲ್ಲಿ ಔಷಧವನ್ನು ನಿಲ್ಲಿಸಿದಾಗ ಹೃದಯವು ಮತ್ತೆ ಸೋಲತೊಡಗಿತು, ಮರಳಿ ಕೊಟ್ಟಾಗ ಮತ್ತೆ ಚೇತರಿಸಿತು. ಕಾಕತಾಳೀಯವೆಂದು ತಳ್ಳಿಹಾಕಲು ಇನ್ನು ಅವಕಾಶ ಹೆಚ್ಚಿರಲಿಲ್ಲ. ಆದರೆ ಬೇರೆ ಕಡೆ ನಡೆದ ಕೆಲವು ಸಣ್ಣ ಪರೀಕ್ಷೆಗಳಲ್ಲಿ, ಕೆಲವೇ ವಾರ ಕೊಟ್ಟು ನೋಡಿದವರಿಗೆ, ಯಾವ ಲಾಭವೂ ಕಾಣಲಿಲ್ಲ. ಅದರ ಗುಟ್ಟು ಕಾಲದಲ್ಲಿದ್ದಿತೆಂದು ಈಗ ನಾವು ಬಲ್ಲೆವು. ಮೊದಲ ವಾರಗಳಲ್ಲಿ ಈ ಔಷಧದಿಂದ ಹೃದಯದ ಸಂಕೋಚ ಕೊಂಚ ಕುಂದುತ್ತದೆ. ಲಾಭವು ತಲೆದೋರುವುದು ತಿಂಗಳುಗಳು ಕಳೆದ ಮೇಲೆ. ಅವಸರದಿಂದ ನೋಡಿದ ಕಣ್ಣಿಗೆ ಹಾನಿ ಮಾತ್ರವೇ ಕಂಡದ್ದು ಸಹಜ.

ಇತ್ತ ಹೃದಯವನ್ನು ದುಡಿಸುವ ಪಕ್ಷವು ತನ್ನ ಪರಮಾವಧಿಯನ್ನು ಮುಟ್ಟುತ್ತಿದ್ದಿತು. ಸಂಕೋಚವನ್ನು ಬಲಪಡಿಸುವ ಹೊಸ ಔಷಧಗಳಲ್ಲೊಂದಾದ ಮಿಲ್ರಿನೋನನ್ನು ತೀವ್ರ ಹೃದಯ ವೈಫಲ್ಯವಿದ್ದ 1088 ಮಂದಿಯಲ್ಲಿ ಪರೀಕ್ಷಿಸಿದರು. ಅರ್ಧದಷ್ಟು ಮಂದಿಗೆ ಔಷಧ, ಉಳಿದವರಿಗೆ ನೋಟಕ್ಕೆ ಅದರಂತೆಯೇ ಇದ್ದ ನಿರ್ಗುಣ ಗುಳಿಗೆ. 1991ರಲ್ಲಿ ಫಲಿತಾಂಶ ಹೊರಬಂದಿತು. ಹೃದಯವನ್ನು ಬಿರುಸಾಗಿ ಬಡಿಯಿಸಿದ ಆ ಔಷಧವು ಸಾವಿನ ಪ್ರಮಾಣವನ್ನು ನೂರಕ್ಕೆ 28ರಷ್ಟು ಹೆಚ್ಚಿಸಿದ್ದಿತು. ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಪರೀಕ್ಷೆ ನಡೆಯದಿದ್ದರೆ ಆ ಗುಳಿಗೆಯು ಲೋಕದಾದ್ಯಂತ ಉಪಯೋಗಕ್ಕೆ ಬರುತ್ತಿದ್ದಿತೆಂಬುದನ್ನು ನೆನೆದರೆ, ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿ ಹೋಲಿಸುವ ಈ ಕ್ರಮಕ್ಕೆ ಮಾನವಕುಲವು ಎಷ್ಟು ಋಣಿಯಾಗಿರಬೇಕೆಂಬುದು ಮನವರಿಕೆಯಾಗುತ್ತದೆ. ಎರಡು ಶತಮಾನ ಪೂಜ್ಯವಾಗಿದ್ದ ಡಿಜಿಟ್ಯಾಲಿಸ್ ವರ್ಗದ ಡಿಗಾಕ್ಸಿನ್ ಕೂಡ 1997ರಲ್ಲಿ ಇದೇ ಒರೆಗಲ್ಲಿಗೆ ಬಂದಿತು: 6800 ಮಂದಿಯಲ್ಲಿ ಅದು ಆಸ್ಪತ್ರೆಗೆ ಸೇರುವ ಸಂದರ್ಭಗಳನ್ನು ಕಡಮೆ ಮಾಡಿತಾದರೂ ಆಯುಸ್ಸನ್ನು ಹೆಚ್ಚಿಸಲಿಲ್ಲ, ತಗ್ಗಿಸಲೂ ಇಲ್ಲ.

ಅತಿಯಾದ ಪ್ರಚೋದನೆಯು ಹೃದಯಕ್ಕೆ ಮಾಡುವುದೇನೆಂಬುದೂ ಈ ಹೊತ್ತಿಗೆ ತಿಳಿಯುತ್ತ ಬಂದಿದ್ದಿತು. ಮೈಕೇಲ್ ಬ್ರಿಸ್ಟೋ ಎಂಬಾತನು, ಹೃದಯವನ್ನು ಬದಲಾಯಿಸುವ ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಸೋತ ಹೃದಯಗಳನ್ನು ಪರೀಕ್ಷಿಸಿ, ಅಡ್ರಿನಲಿನ್ನಿಗೆ ಓಗೊಡುವ ಬೀಟಾ ಗ್ರಾಹಕಗಳು ಆ ಸ್ನಾಯುವಿನಲ್ಲಿ ಸುಮಾರು ಅರ್ಧಕ್ಕೆ ಇಳಿದಿರುವುದನ್ನು 1982ರಲ್ಲಿ ತೋರಿಸಿದನು. ಹೃದಯವು ತನ್ನ ಮೇಲೆ ಬೀಳುತ್ತಿದ್ದ ಆಜ್ಞೆಗಳಿಂದ ತನ್ನನ್ನು ತಾನೇ ಮರೆಮಾಡಿಕೊಳ್ಳುತ್ತಿದ್ದಿತು. ಎರಡು ವರ್ಷದ ತರುವಾಯ ಜೇ ಕೋನ್ ಎಂಬ ವೈದ್ಯನು, ರಕ್ತದಲ್ಲಿ ನಾರ್‌ಅಡ್ರಿನಲಿನ್ ಹೆಚ್ಚಿದಷ್ಟೂ ರೋಗಿಯ ಆಯುಸ್ಸು ಕಡಮೆಯೆಂದು ಸಾಧಿಸಿದನು. ಸತತವಾದ ಪ್ರಚೋದನೆಯಿಂದ ಹೃದಯಕೋಶಗಳಲ್ಲಿ ಕ್ಯಾಲ್ಸಿಯಮ್ಮಿನ ವ್ಯವಹಾರ ಅಸ್ತವ್ಯಸ್ತವಾಗುತ್ತದೆ, ಆಮ್ಲಜನಕದ ಬೇಡಿಕೆ ಏರುತ್ತದೆ, ಕೆಲವು ಕೋಶಗಳು ಸಾಯುತ್ತವೆ. ಸತ್ತೆಡೆಯಲ್ಲಿ ನಾರು ಬೆಳೆಯುತ್ತದೆ. ಉದ್ದನೆಯ ಹೃತ್ಕುಕ್ಷಿಯು ಹಿಗ್ಗಿ ದುಂಡಾಗುತ್ತದೆ. ಕೋಣೆಯೊಂದು ಅಗಲವಾದಷ್ಟೂ ಅದರ ಗೋಡೆಯ ಮೇಲಿನ ಎಳೆತ ಹೆಚ್ಚುವುದೆಂಬ ಲಾಪ್ಲಾಸನ ನಿಯಮದಂತೆ, ಹಿಗ್ಗಿದ ಹೃದಯವು ಅಷ್ಟೇ ರಕ್ತವನ್ನು ನೂಕಲು ಮೊದಲಿಗಿಂತ ಹೆಚ್ಚು ಶ್ರಮಿಸಬೇಕಾಗುತ್ತದೆ. ಆ ಶ್ರಮವೇ ಅದನ್ನು ಮತ್ತಷ್ಟು ಹಿಗ್ಗಿಸುತ್ತದೆ. ಅಧ್ಯಾಯದ ಮೊದಲಲ್ಲಿ ಕೇಳಿದ ಪ್ರಶ್ನೆಗೆ ಉತ್ತರವು ಈ ಚಕ್ರದಲ್ಲಿದೆ.

ಚಕ್ರವನ್ನು ಮೊದಲು ಮುರಿದ ಕೀರ್ತಿ ಮಾತ್ರ ಬೀಟಾ ಬ್ಲಾಕರುಗಳದಲ್ಲ, ಒಂದು ಹಾವಿನ ವಿಷದ್ದು. ಬ್ರೆಜಿಲಿನ ಜರರಾಕಾ ಎಂಬ ಮಂಡಲದ ಜಾತಿಯ ಹಾವಿನ ವಿಷದಲ್ಲಿ ಸರ್ಜಿಯೊ ಫೆರೇರಾ 1965ರಲ್ಲಿ ಕಂಡುಹಿಡಿದ ಅಂಶವು, ಆಂಜಿಯೊಟೆನ್ಸಿನ್ನನ್ನು ಅದರ ಪ್ರಬಲ ರೂಪಕ್ಕೆ ತರುವ ಕಿಣ್ವವನ್ನು ತಡೆಯುತ್ತದೆಂದು ಮುಂದೆ ತಿಳಿದುಬಂದಿತು. ಅದರ ರಚನೆಯನ್ನು ಅನುಸರಿಸಿ ಅಮೆರಿಕದ ಕುಶ್‌ಮನ್ ಮತ್ತು ಒಂಡೆಟ್ಟಿ ಎಂಬ ರಸಾಯನಶಾಸ್ತ್ರಜ್ಞರು ಬಾಯಿಂದ ಸೇವಿಸಬಹುದಾದ ಕ್ಯಾಪ್ಟೊಪ್ರಿಲನ್ನು ರಚಿಸಿದರು. ಅದರ ಸಂತತಿಯಾದ ಎನಾಲಪ್ರಿಲನ್ನು ಫಿನ್ಲೆಂಡ್, ನಾರ್ವೆ, ಸ್ವೀಡನ್ ದೇಶಗಳಲ್ಲಿ ಅತ್ಯಂತ ವಿಷಮಾವಸ್ಥೆಯಲ್ಲಿದ್ದ 253 ಮಂದಿಯಲ್ಲಿ ಪರೀಕ್ಷಿಸಿ 1987ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಔಷಧವಿಲ್ಲದ ಗುಂಪಿನಲ್ಲಿ ಆರು ತಿಂಗಳೊಳಗೆ ನೂರಕ್ಕೆ 44 ಮಂದಿ ತೀರಿಕೊಂಡರೆ, ಔಷಧ ಪಡೆದವರಲ್ಲಿ ತೀರಿಕೊಂಡವರು 26. ಹೃದಯವನ್ನು ಎಳ್ಳಷ್ಟೂ ಪ್ರಚೋದಿಸದ, ಶರೀರದ ಎಚ್ಚರಿಕೆಯ ಕೂಗನ್ನು ಅಡಗಿಸುವುದಷ್ಟನ್ನೇ ಮಾಡುವ ಔಷಧವು ಇಷ್ಟು ಜನರನ್ನು ಉಳಿಸಿತು. 1999ರಲ್ಲಿ ಆಲ್ಡೊಸ್ಟಿರೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಎಂಬ ಹಳೆಯ, ಅಗ್ಗದ ಗುಳಿಗೆಯೂ ಸಾವನ್ನು ನೂರಕ್ಕೆ 30ರಷ್ಟು ತಗ್ಗಿಸಿತು.

ಬೀಟಾ ಬ್ಲಾಕರುಗಳಿಗೆ ನ್ಯಾಯ ದೊರೆತದ್ದೂ ಅದೇ ವರ್ಷ. ಯೂರೋಪಿನಲ್ಲಿ 2647 ಮಂದಿಯಲ್ಲಿ ಬಿಸೊಪ್ರೊಲಾಲ್, ಯೂರೋಪು ಅಮೆರಿಕಗಳೆರಡರಲ್ಲಿಯೂ 3991 ಮಂದಿಯಲ್ಲಿ ಮೆಟೊಪ್ರೊಲಾಲ್ ಪರೀಕ್ಷೆಗೊಳಗಾಗಿ, ಎರಡರಲ್ಲಿಯೂ ಸಾವು ನೂರಕ್ಕೆ 34ರಷ್ಟು ಕಡಮೆಯಾಗಿ, ಮುಂದುವರಿಸುವುದು ಅಧರ್ಮವೆಂದು ಎರಡನ್ನೂ ಅವಧಿಗೆ ಮೊದಲೇ ನಿಲ್ಲಿಸಿದರು. ಎರಡನೆಯದರ ಮುಂದಾಳಾಗಿದ್ದವನು ಯೋಟೆಬೊರಿಯ ಯಾಲ್ಮಾರ್ಸನ್ನನೇ. ಏಳು ರೋಗಿಗಳ ವರದಿಯಿಂದ ಇಲ್ಲಿಗೆ 24 ವರ್ಷಗಳು ಸಂದಿದ್ದುವು. ಈ ಔಷಧವನ್ನು ಕೊಡುವ ಕ್ರಮವೂ ಆ ಅನುಭವದಿಂದಲೇ ಬಂದದ್ದು: ದೇಹದಲ್ಲಿ ನೀರು ತುಂಬಿರುವಾಗ ಆರಂಭಿಸಕೂಡದು, ನೀರಿಳಿದು ರೋಗಿ ನೆಲೆಗೆ ಬಂದ ಮೇಲೆ ಅತ್ಯಲ್ಪ ಪ್ರಮಾಣದಿಂದ ತೊಡಗಿ, ಸಾಮಾನ್ಯವಾಗಿ ಎರಡೆರಡು ವಾರಕ್ಕೊಮ್ಮೆ ಏರಿಸುತ್ತ ಹೋಗಬೇಕು. ಆರಂಭದಲ್ಲಿ ಕೊಂಚ ಆಯಾಸವಾಯಿತೆಂದು ಗುಳಿಗೆಯನ್ನು ತಾವಾಗಿಯೇ ಬಿಟ್ಟುಬಿಡುವ ರೋಗಿಗಳು ನಮ್ಮಲ್ಲಿ ಬಹಳ. ಅವರಿಗೆ ಮುಂಚಿತವಾಗಿಯೇ ತಿಳಿಹೇಳುವ ವ್ಯವಧಾನ ವೈದ್ಯರಿಗಿರಬೇಕು. ತಾಳ್ಮೆಯಿಂದ ಮುಂದುವರಿಸಿದವರಲ್ಲಿ ಅನೇಕರ ಹೃತ್ಕುಕ್ಷಿಯು ತಿಂಗಳುಗಳ ಮೇಲೆ ಕುಗ್ಗಿ ತನ್ನ ಹಳೆಯ ಆಕಾರದತ್ತ ಮರಳುವುದನ್ನು ಎಕೋ ಚಿತ್ರಗಳಲ್ಲಿಯೇ ಕಾಣಬಹುದು.

ಹೃದಯವು ಆಜ್ಞೆಯನ್ನು ಪಾಲಿಸುವುದಷ್ಟೇ ಅಲ್ಲದೆ ತಾನೂ ಶರೀರಕ್ಕೆ ಸಂದೇಶವನ್ನು ಕಳುಹುತ್ತದೆ. ಕೆನಡಾದ ಅಡಾಲ್ಫೋ ಡಿ ಬೋಲ್ಡ್ 1981ರಲ್ಲಿ ಇಲಿಯ ಹೃತ್ಕರ್ಣದ ಸಾರವನ್ನು ಬೇರೊಂದು ಇಲಿಗೆ ಚುಚ್ಚಿದಾಗ ಅದರ ಮೂತ್ರವೂ ಉಪ್ಪಿನ ವಿಸರ್ಜನೆಯೂ ಥಟ್ಟನೆ ಹೆಚ್ಚಿದುವು. ಹಿಗ್ಗಿದ ಹೃದಯವು ಉಪ್ಪುನೀರನ್ನು ಹೊರಹಾಕಿರೆಂದು ಮೂತ್ರಪಿಂಡಗಳಿಗೆ ಹೇಳುವ ಹಾರ್ಮೋನನ್ನು ತಾನೇ ಸ್ರವಿಸುತ್ತದೆಂದು ತಿಳಿಯಿತು. ಅದೇ ಕುಲದ ಬಿಎನ್‌ಪಿ ಎಂಬ ದ್ರವ್ಯವನ್ನು ರಕ್ತದಲ್ಲಿ ಅಳೆದು, ಏದುಸಿರು ಶ್ವಾಸಕೋಶದಿಂದ ಬಂದುದೋ ಹೃದಯದಿಂದ ಬಂದುದೋ ಎಂದು ನಿರ್ಣಯಿಸಲು ಇಂದು ಅನುಕೂಲವಾಗಿದೆ. ಆ ಹಿತಕರ ಹಾರ್ಮೋನುಗಳು ಬೇಗ ನಾಶವಾಗದಂತೆ ಕಾಯುವ ಸ್ಯಾಕ್ಯುಬಿಟ್ರಿಲನ್ನು, ಆಂಜಿಯೊಟೆನ್ಸಿನ್ ತಡೆಯುವ ಔಷಧದೊಡನೆ ಬೆರಸಿ ಕೊಟ್ಟಾಗ, ಅದು ಎನಾಲಪ್ರಿಲನ್ನೂ ಮೀರಿಸಿತೆಂಬುದು 2014ರಲ್ಲಿ ಸಿದ್ಧವಾಯಿತು. ಮಧುಮೇಹಕ್ಕೆಂದು ಬಂದ ಡಾಪಾಗ್ಲಿಫ್ಲೋಜಿನ್ 2019ರಲ್ಲಿ ಮಧುಮೇಹವಿಲ್ಲದವರ ಹೃದಯಕ್ಕೂ ಹಿತವಾದುದು ಎಲ್ಲರನ್ನೂ ಬೆರಗುಗೊಳಿಸಿತು. 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ಬೇರ್ಪಡಿಸಿದ ಫ್ಲೋರಿಜಿನ್ ಎಂಬ ಕಹಿ ದ್ರವ್ಯವೇ ಈ ಕುಲದ ಮೂಲಪುರುಷ. ಹೃದಯಕ್ಕೆ ಇದು ಹಿತವಾಗುವ ಪರಿಯೆಂತೆಂಬುದು ಇನ್ನೂ ಚರ್ಚೆಯಲ್ಲಿಯೇ ಇದೆ. ಸಂಕೋಚಶಕ್ತಿಯು ಕುಂದದೆ, ಗೋಡೆಗಳು ಪೆಡಸಾಗಿ ತುಂಬಿಕೊಳ್ಳಲಾರದೆ ಸೋಲುವ ಮತ್ತೊಂದು ಬಗೆಯ ಹೃದಯ ವೈಫಲ್ಯವುಂಟು. ರೋಗಿಗಳಲ್ಲಿ ಹೆಚ್ಚುಕಡಮೆ ಅರ್ಧ ಮಂದಿ, ವಿಶೇಷವಾಗಿ ವಯಸ್ಸಾದ ಸ್ತ್ರೀಯರು, ಅದಕ್ಕೆ ಸೇರಿದವರು. ಈವರೆಗೆ ಹೇಳಿದ ವಿಜಯಗಳಲ್ಲಿ ಹೆಚ್ಚಿನವು ಅವರಿಗೆ ತಲುಪಿಲ್ಲ. ಡಾಪಾಗ್ಲಿಫ್ಲೋಜಿನ್ ವರ್ಗದ ಔಷಧದಿಂದ ಅವರಿಗೂ ಒಂದಿಷ್ಟು ನೆರವು ದೊರೆತಿದೆ.

ಇನ್ನು ನಮ್ಮ ದೇಶದ ಮಾತು. ಕೇರಳದ ತಿರುವನಂತಪುರ ಜಿಲ್ಲೆಯ ಹದಿನೆಂಟು ಆಸ್ಪತ್ರೆಗಳಲ್ಲಿ 2013ರ ವರ್ಷವಿಡೀ ಹೃದಯ ವೈಫಲ್ಯದಿಂದ ದಾಖಲಾದ 1205 ಮಂದಿಯ ವಿವರಗಳನ್ನು ಅಲ್ಲಿಯ ವೈದ್ಯರು ಶ್ರಮವಹಿಸಿ ಸಂಗ್ರಹಿಸಿದರು. ಅವರ ಸರಾಸರಿ ವಯಸ್ಸು 61. ಪಾಶ್ಚಾತ್ಯ ದೇಶಗಳ ಇಂತಹ ದಾಖಲೆಗಳಲ್ಲಿ ಕಾಣುವುದಕ್ಕಿಂತ ಸುಮಾರು ಹತ್ತು ವರ್ಷ ಕಡಮೆ. ವರ್ಷವೊಂದು ತುಂಬುವುದರೊಳಗೆ ಅವರಲ್ಲಿ ನೂರಕ್ಕೆ ಮೂವತ್ತಕ್ಕಿಂತಲೂ ಹೆಚ್ಚು ಮಂದಿ ತೀರಿಕೊಂಡಿದ್ದರು. ಸಂಕೋಚಶಕ್ತಿ ಕುಂದಿದ್ದವರಲ್ಲಿ, ಆಯುಸ್ಸನ್ನು ಹೆಚ್ಚಿಸುತ್ತವೆಂದು ಸಿದ್ಧವಾದ ಮೂರು ಬಗೆಯ ಔಷಧಗಳನ್ನೂ ಬಿಡುಗಡೆಯ ಹೊತ್ತಿಗೆ ಪಡೆದಿದ್ದವರು ಕಾಲು ಭಾಗ ಮಾತ್ರ. ಸಾಕ್ಷರತೆಗೂ ಆರೋಗ್ಯವ್ಯವಸ್ಥೆಗೂ ಹೆಸರಾದ ನಾಡಿನಲ್ಲಿಯೇ ಹೀಗಿರುವಾಗ ಉಳಿದೆಡೆಯ ಸ್ಥಿತಿ ಇದಕ್ಕಿಂತ ಉತ್ತಮವಾಗಿರಲು ಕಾರಣ ಕಾಣದು. ಮೆಟೊಪ್ರೊಲಾಲ್, ಎನಾಲಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇವಾವುವೂ ಈಗ ದುಬಾರಿಯ ಔಷಧಗಳಲ್ಲ. ನಮ್ಮ ದೇಶದಲ್ಲಿಯೇ ತಯಾರಾಗಿ ಊರೂರಿನ ಔಷಧದಂಗಡಿಗಳಲ್ಲಿ ದೊರೆಯುತ್ತವೆ. ಕೊರತೆಯಿರುವುದು ರೋಗಿಯು ಮನೆಗೆ ಮರಳಿದ ಮೇಲೆ ಅವನನ್ನು ಮತ್ತೆ ಮತ್ತೆ ಕರೆದು ನೋಡುವ ಏರ್ಪಾಟಿನಲ್ಲಿ. ಅನೇಕ ದೇಶಗಳ 1078 ಮಂದಿಯಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಆಸ್ಪತ್ರೆಯಿಂದ ಹೊರಟ ಬಳಿಕ ಒಂದು, ಎರಡು, ಮೂರು ಮತ್ತು ಆರನೆಯ ವಾರಗಳಲ್ಲಿ ಕರೆಸಿ, ಪರೀಕ್ಷಿಸಿ, ಔಷಧಗಳನ್ನು ಬೇಗನೆ ಪೂರ್ಣಪ್ರಮಾಣಕ್ಕೆ ಏರಿಸಿದವರಲ್ಲಿ, ಆರು ತಿಂಗಳೊಳಗೆ ಸತ್ತವರು ಅಥವಾ ಹೃದಯ ವೈಫಲ್ಯದಿಂದ ಮತ್ತೆ ಆಸ್ಪತ್ರೆಗೆ ಸೇರಿದವರು ನೂರಕ್ಕೆ ಸುಮಾರು 15. ವಾಡಿಕೆಯ ಆರೈಕೆ ಪಡೆದವರಲ್ಲಿ 23. ಅದಕ್ಕೆ ಬೇಕಾದ ಉಪಕರಣಗಳೆಂದರೆ ತೂಕದ ಯಂತ್ರ, ರಕ್ತದೊತ್ತಡ ನೋಡುವ ಯಂತ್ರ, ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಮೊದಲಾದವನ್ನು ಅಳೆಯುವ ರಕ್ತಪರೀಕ್ಷೆಯ ಸೌಕರ್ಯ. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಇವು ಇವೆ, ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಇವೆ. ಹೃದಯ ವೈಫಲ್ಯದ ರೋಗಿಗಳ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಗೊತ್ತಾದ ದಿನ ಬಾರದವರನ್ನು ಹುಡುಕಿ ಕರೆತರುವ ಒಬ್ಬ ದಾದಿಯನ್ನೋ ಆರೋಗ್ಯ ಕಾರ್ಯಕರ್ತೆಯನ್ನೋ ಅದಕ್ಕೆಂದೇ ನೇಮಿಸುವ ಕೆಲಸ ಉಳಿದಿದೆ.